ಒತ್ತಡದ ಗುಟ್ಟು ಹುಡುಕಿದ ಹ್ಯಾನ್ಸ್ ಸೆಲ್ಯೆ

ಮಕ್ಕಳೇ, ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳ ಕಾಡಂಚಿನ ಊರುಗಳಲ್ಲಿ ರಾತ್ರಿ ಹೊಲಕ್ಕೆ ಆನೆ ಬಂದರೆ ಏನಾಗುತ್ತದೆ? ಕಾವಲು ಕೂತವರ ಎದೆ ಡವಡವ ಹೊಡೆದುಕೊಳ್ಳುತ್ತದೆ. ಬಾಯಿ ಒಣಗುತ್ತದೆ. ಓಡಲು ಕಾಲಿಗೆ ಎಲ್ಲಿಲ್ಲದ ಬಲ ಬರುತ್ತದೆ. ಇದರಲ್ಲಿ ಮೂತ್ರಪಿಂಡಗಳ ಮೇಲೆ ಟೊಪ್ಪಿಗೆಯಂತೆ ಕುಳಿತಿರುವ ಪುಟ್ಟ ಅಡ್ರಿನಲ್ ಗ್ರಂಥಿಗಳ ಪಾತ್ರ ದೊಡ್ಡದು. ಅವು ಅಡ್ರಿನಲಿನ್, ಕಾರ್ಟಿಸಾಲ್ ಎಂಬ ಹಾರ್ಮೋನುಗಳನ್ನು ರಕ್ತಕ್ಕೆ ಸೇರಿಸುತ್ತವೆ. ಈ ಗ್ರಂಥಿಗಳಿಗೂ ನಮ್ಮ ಆರೋಗ್ಯಕ್ಕೂ ಇರುವ ನಂಟನ್ನು ಹುಡುಕುತ್ತಾ ಹೋದವರು ಹ್ಯಾನ್ಸ್ ಸೆಲ್ಯೆ.

ಸೆಲ್ಯೆ ಹುಟ್ಟಿದ್ದು 1907ರ ಜನವರಿ 26ರಂದು, ವಿಯೆನ್ನಾ ನಗರದಲ್ಲಿ. ತಂದೆ ಸೈನ್ಯದಲ್ಲಿ ವೈದ್ಯರು. ಪ್ರಾಗ್ ನಗರದಲ್ಲಿ ವೈದ್ಯಶಾಸ್ತ್ರ ಓದುವಾಗ ಸೆಲ್ಯೆಗೆ ಒಂದು ಪ್ರಶ್ನೆ ಕಾಡಿತು. ರೋಗಗಳು ಬೇರೆ ಬೇರೆಯಾದರೂ ರೋಗಿಗಳೆಲ್ಲ ಹಸಿವು ಕಳೆದುಕೊಂಡು, ಸೊರಗಿ, ಒಂದೇ ರೀತಿ ಕಾಣುವುದೇಕೆ?

ಮುಂದೆ ಅವರು ಕೆನಡಾ ದೇಶದ ಮೆಕ್‌ಗಿಲ್ ವಿಶ್ವವಿದ್ಯಾಲಯ ಸೇರಿದರು. ಹೊಸ ಹಾರ್ಮೋನೊಂದನ್ನು ಹುಡುಕಲು ಇಲಿಗಳಿಗೆ ಅಂಡಾಶಯದ ಸಾರವನ್ನು ಚುಚ್ಚಿದರು. ಇಲಿಗಳ ಅಡ್ರಿನಲ್ ಗ್ರಂಥಿ ದಪ್ಪಗಾಯಿತು. ರೋಗ ತಡೆಯಲು ನೆರವಾಗುವ ಥೈಮಸ್ ಗ್ರಂಥಿ ಕುಗ್ಗಿತು. ಜಠರದಲ್ಲಿ ಹುಣ್ಣುಗಳಾದವು. ಹೊಸ ಹಾರ್ಮೋನು ಸಿಕ್ಕಿತೆಂದು ಸೆಲ್ಯೆ ಹಿಗ್ಗಿದರು. ಆದರೆ ಬೇರೆ ಅಂಗಗಳ ಸಾರ ಚುಚ್ಚಿದರೂ, ಫಾರ್ಮಲಿನ್ ಚುಚ್ಚಿದರೂ ಅದೇ ಫಲಿತಾಂಶ! ಅವರಿಗೆ ಭಾರೀ ನಿರಾಸೆಯಾಯಿತು. ಆಗ ಹಳೆಯ ಪ್ರಶ್ನೆ ನೆನಪಾಯಿತು. ಇಲಿಗಳನ್ನು ಚಳಿಯಲ್ಲಿಟ್ಟು ನೋಡಿದರು, ವಿಪರೀತ ದಣಿಸಿ ನೋಡಿದರು. ಆಗಲೂ ಅದೇ ಮೂರು ಬದಲಾವಣೆಗಳು. ತೊಂದರೆ ಯಾವುದೇ ಇರಲಿ, ದೇಹ ಕೊಡುವ ಉತ್ತರದಲ್ಲಿ ಸಾಮಾನ್ಯವಾದ ಅಂಶವಿದೆ ಎಂದು 1936ರಲ್ಲಿ ನೇಚರ್ ಪತ್ರಿಕೆಯಲ್ಲಿ ಬರೆದರು. ಮುಂದೆ ಇದಕ್ಕೆ ಒತ್ತಡ, ಅಂದರೆ ಸ್ಟ್ರೆಸ್ ಎಂಬ ಹೆಸರು ಬಂತು.

ಸ್ವಲ್ಪ ಹೊತ್ತಿನ ಒತ್ತಡ ನಮ್ಮನ್ನು ಕಾಪಾಡುತ್ತದೆ. ಅದೇ ಒತ್ತಡ ತಿಂಗಳುಗಟ್ಟಲೆ ಉಳಿದರೆ ನಿದ್ದೆ ಕೆಡುತ್ತದೆ, ರಕ್ತದೊತ್ತಡ ಏರಬಹುದು, ರೋಗ ತಡೆಯುವ ಶಕ್ತಿ ಕುಗ್ಗುತ್ತದೆ.

ದೊಡ್ಡ ವಿಜ್ಞಾನಿಗಳೂ ತಪ್ಪುತ್ತಾರೆ. ಸೆಲ್ಯೆ ಸಿಗರೇಟು ಕಂಪನಿಗಳಿಂದ ಹಣ ಪಡೆದು, ಧೂಮಪಾನದಿಂದ ಒತ್ತಡ ತಗ್ಗುತ್ತದೆಂದು ವಾದಿಸಿದ್ದರು. ಆ ಕಂಪನಿಗಳ ಕಾಗದಪತ್ರಗಳು ಬಹಿರಂಗವಾದ ಮೇಲೆ ಈ ನಂಟು ಪೂರ್ತಿಯಾಗಿ ಬೆಳಕಿಗೆ ಬಂತು. ಅಷ್ಟರಲ್ಲಿ ಅವರು ತೀರಿಕೊಂಡಿದ್ದರು. ಅವರು ನಿಧನರಾದದ್ದು 1982ರ ಅಕ್ಟೋಬರ್ 16ರಂದು, ಮಾಂಟ್ರಿಯಲ್ ನಗರದಲ್ಲಿ.

ಇಂದು ಕಾರ್ಟಿಸಾಲನ್ನು ರಕ್ತ, ಜೊಲ್ಲು, ಮೂತ್ರಗಳಲ್ಲಿ ಅಳೆಯುತ್ತಾರೆ. ಬೆಳಿಗ್ಗೆ ಅದು ಹೆಚ್ಚು, ರಾತ್ರಿ ಕಡಿಮೆ. ಹಾಗಾಗಿ ಪರೀಕ್ಷೆಯ ಹೊತ್ತೂ ಮುಖ್ಯ. ಕಾಡಾನೆಯ ರಕ್ತ ತೆಗೆಯುವುದು ಸುಲಭವೇ? ಅದಕ್ಕೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ನಮ್ಮದೇ ಜಿಲ್ಲೆಯ ಬಂಡೀಪುರದಲ್ಲಿ ಮತ್ತು ಪಕ್ಕದ ಮುದುಮಲೈಯಲ್ಲಿ ಆನೆಯ ಲದ್ದಿಯನ್ನು ಪರೀಕ್ಷಿಸಿದರು. ಮೈ ಸೊರಗಿದ ಆನೆಗಳಲ್ಲಿ ಒತ್ತಡದ ಹಾರ್ಮೋನಿನ ಗುರುತು ಹೆಚ್ಚಿತ್ತೆಂದು 2017ರಲ್ಲಿ ಪ್ರಕಟಿಸಿದರು.

ಆನೆ ಕಂಡು ನಮ್ಮ ಎದೆ ಹೊಡೆದುಕೊಳ್ಳುವಂತೆ, ಮೇವಿಲ್ಲದ ಬೇಸಿಗೆಯಲ್ಲಿ ಆನೆಯ ದೇಹವೂ ಸಂಕಟ ಪಡುತ್ತದೆ. ಮಕ್ಕಳೇ, ನಿಮ್ಮನ್ನು ಯಾವುದಾದರೂ ಚಿಂತೆ ಬಹಳ ದಿನ ಕಾಡಿದರೆ ಮುಚ್ಚಿಡಬೇಡಿ. ಮನೆಯವರಿಗೋ ಮೇಷ್ಟರಿಗೋ ಹೇಳಿ.