ಮೇಣದ ಮಾದರಿಯಿಂದ ಹಡಗಿನ ಗುಟ್ಟು ಅರಿತ ವಿಲಿಯಂ ಫ್ರೂಡ್

ಹಡಗನ್ನು ಕಟ್ಟುವ ಮೊದಲೇ ಅದು ಎಷ್ಟು ಇಂಧನ ಬೇಡುತ್ತದೆ ಎಂದು ಹೇಳಬಹುದೇ? ಹತ್ತೊಂಬತ್ತನೇ ಶತಮಾನದ ಮಧ್ಯಭಾಗದಲ್ಲೂ ಈ ಪ್ರಶ್ನೆಗೆ ನಂಬಲರ್ಹ ಉತ್ತರವಿರಲಿಲ್ಲ. ಅಪಾರ ಹಣ ಸುರಿದು ಕಟ್ಟಿದ ಹಬೆಹಡಗು ನೀರಿಗಿಳಿದ ಮೇಲಷ್ಟೇ ಅದರ ಗುಣದೋಷ ತಿಳಿಯುತ್ತಿತ್ತು. ಈ ಅನಿಶ್ಚಿತತೆಗೆ ತೆರೆ ಎಳೆದವರು ಇಂಗ್ಲೆಂಡಿನ ಎಂಜಿನಿಯರ್ ವಿಲಿಯಂ ಫ್ರೂಡ್.

ಫ್ರೂಡ್ ಅವರು ಡೆವನ್ ಪ್ರಾಂತ್ಯದ ಡಾರ್ಟಿಂಗ್ಟನ್‌ನಲ್ಲಿ 1810ರ ನವೆಂಬರ್ 28ರಂದು ಜನಿಸಿದರು. ಇತಿಹಾಸಕಾರ ಜೇಮ್ಸ್ ಆಂಟನಿ ಫ್ರೂಡ್ ಇವರ ತಮ್ಮ. ಆಕ್ಸ್‌ಫರ್ಡ್‌ನ ಓರಿಯಲ್ ಕಾಲೇಜಿನಲ್ಲಿ ಗಣಿತ ಅಭ್ಯಾಸ ಮಾಡಿದ ಅವರು, ಖ್ಯಾತ ಎಂಜಿನಿಯರ್ ಬ್ರೂನೆಲ್ ಅವರ ಕೈಕೆಳಗೆ ಬ್ರಿಸ್ಟಲ್-ಎಕ್ಸಿಟರ್ ರೈಲುಮಾರ್ಗದ ಕೆಲಸದಲ್ಲಿ ತೊಡಗಿದರು. ಮುಂದೆ ಹಡಗುಗಳ ಹೊಯ್ದಾಟವನ್ನು ಅಧ್ಯಯನ ಮಾಡುವಂತೆ ಬ್ರೂನೆಲ್ ಅವರೇ ಕೋರಿದಾಗ, ಫ್ರೂಡ್ ಅವರ ಬದುಕು ಸಮುದ್ರದತ್ತ ತಿರುಗಿತು.

1867ರಲ್ಲಿ ಡಾರ್ಟ್ ನದಿಯಲ್ಲಿ 'ಸ್ವಾನ್' ಮತ್ತು 'ರೇವನ್' ಎಂಬ ಭಿನ್ನ ಆಕಾರದ ಮಾದರಿಗಳನ್ನು ಅವರು ಎಳೆದು ನೋಡಿದರು. ಕಡಿಮೆ ವೇಗದಲ್ಲಿ ಚೂಪು ಮೂತಿಯ ರೇವನ್ ಮೇಲಾದರೆ, ಹೆಚ್ಚಿನ ವೇಗದಲ್ಲಿ ಸ್ವಾನ್ ಗೆದ್ದಿತು. ಎಲ್ಲ ವೇಗಕ್ಕೂ ಸಲ್ಲುವ ಒಂದೇ ಆದರ್ಶ ಆಕಾರವಿಲ್ಲ ಎಂಬುದು ಇದರಿಂದ ಸ್ಪಷ್ಟವಾಯಿತು.

ಆದರೆ ಪುಟ್ಟ ಮಾದರಿಗಳನ್ನು ನಂಬಲು ಅನೇಕ ತಜ್ಞರು ಸಿದ್ಧರಿರಲಿಲ್ಲ. ಹಿರಿಯ ನೌಕಾ ವಿನ್ಯಾಸಕ ಜಾನ್ ಸ್ಕಾಟ್ ರಸೆಲ್ ಬಹಿರಂಗವಾಗಿಯೇ ವಿರೋಧಿಸಿದರು. ಫ್ರೂಡ್ ಹಿಂಜರಿಯಲಿಲ್ಲ. ನೀರಿನ ತಡೆಯಲ್ಲಿ ಎರಡು ಪಾಲುಗಳಿವೆ: ಒಡಲಿನ ಮೈಗೆ ನೀರು ಉಜ್ಜುವ ಘರ್ಷಣೆ ಒಂದು, ಅಲೆಗಳನ್ನು ಎಬ್ಬಿಸುವುದರಿಂದಾಗುವ ತಡೆ ಇನ್ನೊಂದು. ಇವೆರಡನ್ನೂ ಬೇರ್ಪಡಿಸಿ ಲೆಕ್ಕ ಹಾಕಬೇಕೆಂಬುದು ಅವರ ವಾದ. ಹಡಗು ಮಾದರಿಗಿಂತ 16 ಪಟ್ಟು ಉದ್ದವಿದ್ದರೆ, ಮಾದರಿಯನ್ನು ಹಡಗಿನ ವೇಗದ ನಾಲ್ಕನೇ ಒಂದರಷ್ಟು ವೇಗದಲ್ಲಿ ಎಳೆಯಬೇಕು. ಆಗ ಎರಡೂ ಒಂದೇ ಬಗೆಯ ಅಲೆ ಎಬ್ಬಿಸುತ್ತವೆ. ಘರ್ಷಣೆಯನ್ನು ಮಾತ್ರ ಹಲಗೆಗಳನ್ನು ಎಳೆದು ಪ್ರತ್ಯೇಕವಾಗಿ ಅಳೆಯಬೇಕು.

ನೌಕಾ ಇಲಾಖೆ 2,000 ಪೌಂಡ್ ನೆರವು ನೀಡಿತು. ಫ್ರೂಡ್ ಸಂಬಳವಿಲ್ಲದೆ ದುಡಿದರು. 1871ರಲ್ಲಿ 'ಗ್ರೇಹೌಂಡ್' ಎಂಬ ನಿಜವಾದ ಯುದ್ಧನೌಕೆಯನ್ನು 'ಆಕ್ಟಿವ್' ಎಂಬ ಇನ್ನೊಂದು ನೌಕೆಯಿಂದ ಎಳೆಸಿ ಅದರ ತಡೆಯನ್ನು ಅಳೆಯಲಾಯಿತು. ಟಾರ್ಕಿಯಲ್ಲಿ ತಮ್ಮ ಮನೆಯ ಸಮೀಪವೇ ನಿರ್ಮಿಸಿದ ಸುಮಾರು 85 ಮೀಟರ್ ಉದ್ದದ ಕೊಳದಲ್ಲಿ 1872ರಿಂದ ಮೇಣದ ಮಾದರಿಗಳ ಪರೀಕ್ಷೆ ಆರಂಭವಾಯಿತು. ಮಾದರಿಯಿಂದ ಕಂಡುಕೊಂಡ ಲೆಕ್ಕ ಗ್ರೇಹೌಂಡ್‌ನ ಅಳತೆಗೆ ತಾಳೆಯಾದಾಗ ವಾದ ವಿವಾದ ತಣ್ಣಗಾಯಿತು.

1876ರಲ್ಲಿ ರಾಯಲ್ ಸೊಸೈಟಿ ಪದಕ ನೀಡಿ ಗೌರವಿಸಿತು. 1879ರ ಮೇ 4ರಂದು ದಕ್ಷಿಣ ಆಫ್ರಿಕಾದ ಸೈಮನ್ಸ್‌ಟೌನ್‌ನಲ್ಲಿ ಫ್ರೂಡ್ ಕೊನೆಯುಸಿರೆಳೆದರು. ನೌಕಾಪಡೆಯ ಸಕಲ ಗೌರವಗಳೊಂದಿಗೆ ಅಲ್ಲಿಯೇ ಅಂತ್ಯಕ್ರಿಯೆ ನಡೆಯಿತು. ಮಗ ರಾಬರ್ಟ್ ಎಡ್ಮಂಡ್ ಫ್ರೂಡ್ ತಂದೆಯ ಕೆಲಸ ಮುಂದುವರಿಸಿದರು.

ಇಂದು ಜೋಡಿ ಒಡಲಿನ ಕಟಮರಾನ್ ವಿನ್ಯಾಸದಲ್ಲೂ ಇದೇ ಲೆಕ್ಕ ಆಧಾರ. ತೆಳ್ಳನೆಯ ಒಡಲುಗಳು ಕಡಿಮೆ ಅಲೆ ಎಬ್ಬಿಸಿ ಇಂಧನ ಉಳಿಸಿದರೂ, ನೀರಿಗೆ ತಾಗುವ ಮೈ ಹೆಚ್ಚಾಗಿ ಘರ್ಷಣೆ ಏರುತ್ತದೆ. ಎರಡೂ ಒಡಲುಗಳ ಅಲೆಗಳು ನಡುವೆ ಕೂಡಿಕೊಂಡರೆ ತಡೆ ಮತ್ತಷ್ಟು ಹೆಚ್ಚಬಹುದು. ಈ ಲಾಭ-ನಷ್ಟವನ್ನು ತೂಗುವ ವಿನ್ಯಾಸಕರು ಮೊದಲು ನೋಡುವ ಅಂಕಿಯ ಹೆಸರೇ 'ಫ್ರೂಡ್ ಸಂಖ್ಯೆ'.