ಹೊರೇಸ್ ಮ್ಯಾನ್

ಅಮೇರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನದಲ್ಲಿ ಫ್ರಾಂಕ್ಲಿನ್ ಎಂಬ ಊರುಂಟು. ಬೆಂಜಮಿನ್ ಫ್ರಾಂಕ್ಲಿನ್ ಮಹಾಶಯನ ಹೆಸರನ್ನು ತಮ್ಮ ಊರಿಗೆ ಇಟ್ಟುಕೊಂಡ ಅಲ್ಲಿನ ಜನರು ದೇವಾಲಯಕ್ಕೆ ಗಂಟೆಯೊಂದನ್ನು ಕೊಡಬೇಕೆಂದು ಆತನನ್ನು ಬೇಡಲು, ಆತನು ಗಂಟೆಗೆ ಬದಲಾಗಿ ಪುಸ್ತಕಗಳನ್ನು ಕಳುಹಿಸಿದನಂತೆ. ೧೭೯೬ನೆಯ ಇಸವಿ ಮೇ ೪ರಂದು ಆ ಊರಿನ ಬಡ ಬೇಸಾಯಗಾರನ ಮನೆಯಲ್ಲಿ ಹುಟ್ಟಿದ ಹೊರೇಸ್ ಮ್ಯಾನನಿಗೆ ಆ ಪುಸ್ತಕಗಳೇ ಗುರುಗಳಾದವು. ವರುಷಕ್ಕೆ ಎಂಟು ಹತ್ತು ವಾರಗಳಿಗಿಂತ ಹೆಚ್ಚು ಶಾಲೆಗೆ ಹೋಗುವ ಭಾಗ್ಯವು ಆತನಿಗಿರಲಿಲ್ಲ. ಟೋಪಿಗಳಿಗಾಗಿ ಹುಲ್ಲು ಹೆಣೆದು ಪಾಠದ ಪುಸ್ತಕಗಳಿಗೆ ಹಣ ಕೂಡಿಸುತ್ತಿದ್ದನು. ಹದಿಮೂರನೆಯ ವಯಸ್ಸಿನಲ್ಲಿ ತಂದೆಯನ್ನು ಕಳೆದುಕೊಂಡನು. ಮರುವರುಷ ಅಣ್ಣನು ನೀರಿನಲ್ಲಿ ಮುಳುಗಿ ಸತ್ತನು. ಆಗ ಊರಿನ ಬೋಧಕನು ದುಃಖಿತರಾದ ಮನೆಯವರನ್ನು ಸಂತೈಸದೆ, ಪಾಪಿಗಳಿಗೆ ಬರುವ ಶಿಕ್ಷೆಯನ್ನೇ ಕುರಿತು ಬೋಧಿಸಿದನು. ಆ ಗಾಯವು ಬಾಲಕನ ಮನಸ್ಸಿನಲ್ಲಿ ಮಾಯಲೇ ಇಲ್ಲ. ಎಳೆಯರ ಮುಂದೆ ಮಾತನಾಡುವ ನಾವೆಲ್ಲರೂ ಇದನ್ನು ಎರಡು ಸಾರಿ ಓದಬೇಕು.

೧೮೧೯ರಲ್ಲಿ ಬ್ರೌನ್ ವಿಶ್ವವಿದ್ಯಾಲಯದಿಂದ ತೇರ್ಗಡೆಯಾಗಿ, ನ್ಯಾಯಶಾಸ್ತ್ರವನ್ನೋದಿ, ೧೮೨೩ರಲ್ಲಿ ವಕೀಲನಾದನು. ೧೮೨೭ರಲ್ಲಿ ಶಾಸನಸಭೆಯನ್ನು ಪ್ರವೇಶಿಸಿದನು. ಬುದ್ಧಿಭ್ರಮಣೆಯಾದವರನ್ನು ಸೆರೆಮನೆಗಳಲ್ಲಿ ಕೂಡಿಹಾಕುತ್ತಿದ್ದ ಕಾಲವದು. ಅವರಿಗಾಗಿ ವೂಸ್ಟರ್ ಪಟ್ಟಣದಲ್ಲಿ ಸರಕಾರದ ಆಸ್ಪತ್ರೆಯು ೧೮೩೩ರಲ್ಲಿ ತೆರೆದದ್ದು ಮುಖ್ಯವಾಗಿ ಈತನ ಪ್ರಯತ್ನದಿಂದಲೇ. ಅಷ್ಟರಲ್ಲಿ ಈತನ ಪ್ರಿಯಪತ್ನಿ ಷಾರ್ಲಟ್ ಮದುವೆಯಾಗಿ ಎರಡು ವರುಷ ತುಂಬುವ ಮೊದಲೇ ತೀರಿಕೊಂಡಿದ್ದಳು. ದುಃಖವನ್ನು ಕೆಲಸದಲ್ಲಿ ಮುಚ್ಚಿಕೊಂಡು ಮುಂದುವರಿದ ಮ್ಯಾನನು ಹಿರಿಯ ಸಭೆಯಾದ ಸೆನೆಟಿನ ಅಧ್ಯಕ್ಷಪದವಿಗೇರಿದನು.

೧೮೩೭ರಲ್ಲಿ ಆ ಸಂಸ್ಥಾನದಲ್ಲಿ ವಿದ್ಯಾಮಂಡಲಿಯೊಂದು ಏರ್ಪಟ್ಟಿತು. ಅದರ ಕಾರ್ಯದರ್ಶಿಗೆ ವರುಷಕ್ಕೆ ೧,೫೦೦ ಡಾಲರ್ ಸಂಬಳ. ಅಧಿಕಾರವೋ ಏನೂ ಇಲ್ಲ. ಸಂಗತಿಗಳನ್ನು ಸಂಗ್ರಹಿಸಿ ಜನರಿಗೆ ತಿಳಿಸುವುದಷ್ಟೇ ಕೆಲಸ. ಮ್ಯಾನನು ವಕೀಲಿಯನ್ನೂ ಮುಂದಿನ ಪದವಿಗಳ ಆಸೆಯನ್ನೂ ಬಿಟ್ಟು ಈ ಕೆಲಸವನ್ನು ಕೈಕೊಂಡಾಗ ಸ್ನೇಹಿತರಲ್ಲಿ ಕೆಲವರು ಬೆರಗಾದರು. ಹನ್ನೆರಡು ವರುಷ ಊರೂರು ತಿರುಗಿ ಶಾಲೆಗಳನ್ನು ನೋಡಿ, ವರುಷಕ್ಕೊಂದು ವರದಿಯನ್ನು ಬರೆದನು. ಪಿಟ್ಸ್‌ಫೀಲ್ಡಿನಲ್ಲಿ ಸಭೆ ಸೇರಬೇಕಾಗಿದ್ದ ಶಾಲೆಯ ಕಸವನ್ನು ಯಾರೂ ಗುಡಿಸಿರದಿರಲು, ಈತನೂ ಗವರ್ನರ್ ಬ್ರಿಗ್ಸನೂ ತಾವೇ ಪೊರಕೆ ಹಿಡಿದರೆಂದು ಹೇಳುತ್ತಾರೆ.

ಆದರೆ ನಮಗೆ ಎಲ್ಲಕ್ಕಿಂತ ಹತ್ತಿರವಾದದ್ದು ಲೆಕ್ಸಿಂಗ್ಟನ್ ಊರಿನ ಸಂಗತಿ. ಉಪಾಧ್ಯಾಯರಿಗೆ ಶಿಕ್ಷಣ ಬೇಕೆಂದು ಮ್ಯಾನನು ವಾದಿಸಲು, ಎಡ್ಮಂಡ್ ಡ್ವೈಟ್ ಎಂಬ ಧನಿಕನು ಸರಕಾರವೂ ಅಷ್ಟೇ ಕೊಡುವುದಾದರೆ ತಾನು ೧೦,೦೦೦ ಡಾಲರ್ ಕೊಡುವೆನೆಂದು ಮುಂದೆ ಬಂದನು. ಹೀಗೆ ಆ ದೇಶದ ಮೊದಲನೆಯ ಸರಕಾರೀ ನಾರ್ಮಲ್ ಸ್ಕೂಲು ೧೮೩೯ನೆಯ ಜುಲೈ ೩ರಂದು ತೆರೆಯಿತು. ಅದು ಹೆಣ್ಣುಮಕ್ಕಳಿಗಾಗಿಯೇ ಏರ್ಪಟ್ಟದ್ದು. ಮೊದಲನೆಯ ದಿನ ಬಂದವರು ಮೂವರು ಹುಡುಗಿಯರು! ಮೇಲಧಿಕಾರಿ ಸೈರಸ್ ಪಿಯರ್ಸನು ಧೈರ್ಯಗೆಡದೆ, ಅಗ್ಗಿಷ್ಟಿಕೆಗೆ ಬೆಂಕಿಯಿಕ್ಕುವ ಕೆಲಸವನ್ನೂ ತಾನೇ ಮಾಡುತ್ತ, ಜತೆಯಲ್ಲಿಯೇ ಮಾದರಿ ಶಾಲೆಯನ್ನು ತೆರೆದು, ಆ ಹುಡುಗಿಯರಿಂದ ಮಕ್ಕಳಿಗೆ ಪಾಠ ಹೇಳಿಸಿದನು. ಮಾದರಿ ಪಾಠದ ದಿನ ಸೀಮೆಸುಣ್ಣ ಹಿಡಿದ ಕೈ ನಡುಗಿದ್ದನ್ನು ಬಲ್ಲ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೆ ಆ ಮೂವರೂ ಅಕ್ಕಂದಿರಾಗಬೇಕು.

ಈತನ ಕುಂದನ್ನೂ ಮರೆಮಾಡಲಾರೆವು. ಉಪಾಧ್ಯಾಯಿನಿಯರ ಸಂಬಳವು ಗಂಡಸರದಕ್ಕಿಂತ ಬಹಳ ಕಡಮೆಯಾಗಿತ್ತು. ಅವರನ್ನು ನೇಮಿಸಿದರೆ ಊರುಗಳಿಗೆ ಉಳಿತಾಯವೆಂಬುದನ್ನು ಈತನೂ ವಾದವಾಗಿ ಬಳಸಿದನು. ೧೮೫೩ರಲ್ಲಿ ಅಚ್ಚಾದ ತನ್ನ ಉಪನ್ಯಾಸಗಳಲ್ಲಿ ಸ್ತ್ರೀಯರಿಗೆ ವಿದ್ಯೆ ಬೇಕೆಂದನೇ ಹೊರತು ರಾಜಕಾರ್ಯದಲ್ಲಿ ಅವರು ಸೇರುವುದನ್ನು ಒಪ್ಪಲಿಲ್ಲ. ಬಾಗಿಲನ್ನು ತೆರೆದವನೇ ಹೊಸ್ತಿಲಲ್ಲಿ ನಿಂತುಬಿಟ್ಟನೆಂದು ನಮಗೆ ತೋರುತ್ತದೆ.

೧೮೪೩ರಲ್ಲಿ ಮೇರಿ ಪೀಬಡಿ ಎಂಬ ಉಪಾಧ್ಯಾಯಿನಿಯನ್ನು ಮದುವೆಯಾಗಿ, ಆಕೆಯೊಡನೆ ಯೂರೋಪಿನ ಶಾಲೆಗಳನ್ನು ನೋಡಿಬಂದನು. ಪ್ರಷ್ಯದಲ್ಲಿ ಬೆತ್ತವಿಲ್ಲದೆ ಪಾಠ ನಡೆಯುವುದನ್ನು ಹೊಗಳಿ ಬರೆದುದಕ್ಕೆ ಬಾಸ್ಟನ್ನಿನ ೩೧ ಮಂದಿ ಮುಖ್ಯೋಪಾಧ್ಯಾಯರು ಈತನ ಮೇಲೆ ಪುಸ್ತಕವನ್ನೇ ಅಚ್ಚುಹಾಕಿಸಿದರು. ವಕೀಲನಾದವನು ಸುಮ್ಮನಿದ್ದಾನೆಯೇ? ಉತ್ತರಕ್ಕೆ ಉತ್ತರವಾಗಿ ಆ ಜಗಳವು ಬಹುಕಾಲ ನಡೆಯಿತು.

೧೮೪೮ರಲ್ಲಿ ಮ್ಯಾನನು ಕಾಂಗ್ರೆಸ್ ಸಭೆಗೆ ಆರಿಸಲ್ಪಟ್ಟನು. ಆ ವರುಷವೇ ವಾಷಿಂಗ್ಟನ್ನಿನ ಎಪ್ಪತ್ತಕ್ಕೂ ಹೆಚ್ಚು ಮಂದಿ ಗುಲಾಮರು ‘ಪರ್ಲ್’ ಎಂಬ ಹಡಗಿನಲ್ಲಿ ತಪ್ಪಿಸಿಕೊಳ್ಳಲೆತ್ನಿಸಿ ಸಿಕ್ಕಿಬಿದ್ದರು. ಅವರಿಗೆ ನೆರವಾದ ಡ್ರೇಟನ್, ಸೇರ್ಸ್ ಎಂಬವರ ಪರವಾಗಿ ವಾದಿಸಲು ಮ್ಯಾನನು ಬಿಟ್ಟಿದ್ದ ವಕೀಲಿಯನ್ನು ಮತ್ತೆ ಹಿಡಿದನು. ಅವರು ಸೆರೆಗೆ ಹೋದರು. ೧೮೫೨ರಲ್ಲಿ ಅಧ್ಯಕ್ಷ ಫಿಲ್ಮೋರನು ಕ್ಷಮಿಸಿ ಬಿಡಿಸಿದನು. ಓಡಿಹೋದ ಗುಲಾಮರನ್ನು ಹಿಡಿದೊಪ್ಪಿಸುವ ೧೮೫೦ರ ಶಾಸನವನ್ನು ವಿರೋಧಿಸಿ, ಆ ಕಾಲದ ಮಹಾವಾಗ್ಮಿ ಡೇನಿಯಲ್ ವೆಬ್‌ಸ್ಟರನ ದ್ವೇಷವನ್ನೂ ಕಟ್ಟಿಕೊಂಡನು.

೧೮೫೩ರಲ್ಲಿ ಒಹೈಯೊ ಸಂಸ್ಥಾನದ ಯೆಲ್ಲೊ ಸ್ಪ್ರಿಂಗ್ಸ್ ಊರಿನಲ್ಲಿ ತೆರೆದ ಆಂಟಿಯೋಕ್ ಕಾಲೇಜಿಗೆ ಅಧ್ಯಕ್ಷನಾದನು. ಅಲ್ಲಿ ಹುಡುಗರೂ ಹುಡುಗಿಯರೂ ಒಂದೇ ಪಾಠವನ್ನು ಕಲಿತರು. ಲೆಕ್ಸಿಂಗ್ಟನ್ನಿನಲ್ಲಿ ಕಲಿತಿದ್ದ ಈತನ ಸೋದರ ಸೊಸೆ ರೆಬೆಕ್ಕ ಪೆನ್ನೆಲ್ ಪುರುಷರಿಗೆ ಸಮಾನವಾದ ಪದವಿಯಲ್ಲಿ ಪ್ರಾಧ್ಯಾಪಿಕೆಯಾದಳು. ಆದರೆ ಸಾಲವು ಕಾಲೇಜನ್ನು ನುಂಗಿತು; ೧೮೫೯ರಲ್ಲಿ ಅದು ಹರಾಜಿಗೆ ಬಂತು. ಹಿತೈಷಿಗಳು ಅದನ್ನು ಕೊಂಡು ಉಳಿಸಿದರೂ ಮ್ಯಾನನ ದೇಹವು ಸೋತಿತ್ತು. ಆ ವರುಷದ ಪದವೀದಾನದಲ್ಲಿ ಮಾತನಾಡಿದ ಕೆಲವು ವಾರಗಳಲ್ಲಿಯೇ, ಆಗಸ್ಟ್ ೨ರಂದು ತೀರಿಕೊಂಡನು. ಈತನ ಸಮಾಧಿಯು ಪ್ರಾವಿಡೆನ್ಸ್ ನಗರದಲ್ಲಿ ಷಾರ್ಲಟಳ ಸಮಾಧಿಯ ಪಕ್ಕದಲ್ಲಿದೆ. ಮೇರಿಯು ೧೮೬೫ರಲ್ಲಿ ಪತಿಯ ಚರಿತ್ರೆಯನ್ನು ಬರೆದು ಪ್ರಕಟಿಸಿ, ಅಕ್ಕ ಎಲಿಜಬೆತ್ ಪೀಬಡಿಯೊಡನೆ ಎಳೆಯ ಮಕ್ಕಳ ಕಿಂಡರ್‌ಗಾರ್ಟನ್ ಶಾಲೆಗಳಿಗಾಗಿ ದುಡಿದಳು.