ಆಕಾಶದಲ್ಲಿ ಉಸಿರಾಡಲು ದಾರಿ ಹುಡುಕಿದ ಶಾಲಾ ಮಾಸ್ತರು



ಈ ಸಲದ ಗೋಡೆ ಪತ್ರಿಕೆಯಲ್ಲಿ ಒಬ್ಬ ಮಹಾನ್ ವಿಜ್ಞಾನಿಯ ಜೀವನ ಚರಿತ್ರೆಯನ್ನು ಬರೆಯುತ್ತಿದ್ದೇನೆ. ಇವರು ದೊಡ್ಡ ಕಾಲೇಜಿನಲ್ಲಿ ಓದಿದವರಲ್ಲ. ಇವರಿಗೆ ಕಿವಿಯೂ ಸರಿಯಾಗಿ ಕೇಳಿಸುತ್ತಿರಲಿಲ್ಲ. ಸಣ್ಣ ಊರಿನ ಶಾಲೆಯಲ್ಲಿ ಲೆಕ್ಕ ಹೇಳಿಕೊಡುವ ಮಾಸ್ತರಾಗಿದ್ದರು. ಆದರೂ ಮನುಷ್ಯ ಬಾಹ್ಯಾಕಾಶಕ್ಕೆ ಹೋದರೆ ಅಲ್ಲಿ ಉಸಿರಾಡುವುದು ಹೇಗೆ, ಊಟಕ್ಕೆ ಏನು ಮಾಡಬೇಕು ಎಂದು ವಿಮಾನ ಹುಟ್ಟುವ ಮೊದಲೇ ಯೋಚನೆ ಮಾಡಿದವರು. ಅವರೇ ರಷ್ಯಾ ದೇಶದ ಕಾನ್‌ಸ್ಟಾಂಟಿನ್ ತ್ಸಿಯೋಲ್ಕೊವ್‌ಸ್ಕಿ. ಹೆಸರು ಸ್ವಲ್ಪ ಕಷ್ಟ. ಎರಡು ಸಲ ಓದಿದರೆ ನಾಲಿಗೆಗೆ ಬರುತ್ತದೆ!

ಬಾಲ್ಯ

ತ್ಸಿಯೋಲ್ಕೊವ್‌ಸ್ಕಿಯವರು 1857ನೇ ಇಸವಿ ಸೆಪ್ಟೆಂಬರ್ 17ರಂದು ರಷ್ಯಾದ ಇಜೆವ್‌ಸ್ಕೊಯೆ ಎಂಬ ಹಳ್ಳಿಯಲ್ಲಿ ಹುಟ್ಟಿದರು. ತಂದೆ ಅರಣ್ಯ ಇಲಾಖೆಯಲ್ಲಿ ನೌಕರರು. ಮನೆ ತುಂಬಾ ಮಕ್ಕಳು. ಹುಡುಗ ಬಹಳ ಚುರುಕಾಗಿದ್ದ. ಆದರೆ ಸುಮಾರು ಹತ್ತು ವರ್ಷದವನಿದ್ದಾಗ ಕೆಂಪು ಜ್ವರ ಬಂತು. ಜೀವ ಉಳಿಯಿತು, ಕಿವಿ ಹೋಯಿತು. ಅಂದಿನಿಂದ ಮಾತು ಸರಿಯಾಗಿ ಕೇಳಿಸುತ್ತಲೇ ಇರಲಿಲ್ಲ. 13ನೇ ವಯಸ್ಸಿಗೆ ತಾಯಿಯೂ ತೀರಿಕೊಂಡರು.

ತರಗತಿಯಲ್ಲಿ ಗುರುಗಳು ಹೇಳಿದ ಪಾಠ ಕೇಳಿಸದಿದ್ದರೆ ಏನು ಗತಿ? ನೀವೇ ಯೋಚನೆ ಮಾಡಿ. ಹುಡುಗ ಪಾಠದಲ್ಲಿ ಹಿಂದೆ ಬಿದ್ದ. 1873ರಲ್ಲಿ ಶಾಲೆಯನ್ನೇ ಬಿಡಬೇಕಾಯಿತು. ಆಮೇಲೆ ಅವರು ಯಾವ ಶಾಲೆಯಲ್ಲೂ ವಿದ್ಯಾರ್ಥಿಯಾಗಿ ಕೂರಲಿಲ್ಲ.

ಗ್ರಂಥಾಲಯವೇ ಶಾಲೆ

ಮಗನ ಕೈ ಕೆಲಸ ನೋಡಿ ತಂದೆಗೆ ಆಸೆ ಹುಟ್ಟಿತು. 16 ವರ್ಷದ ಹುಡುಗನನ್ನು ಮಾಸ್ಕೋ ಪಟ್ಟಣಕ್ಕೆ ಕಳಿಸಿದರು. ಹುಡುಗ ಅಲ್ಲಿ ಯಾವ ಶಾಲೆಗೂ ಸೇರದೆ ದಿನಾಲೂ ಸಾರ್ವಜನಿಕ ಗ್ರಂಥಾಲಯಕ್ಕೆ ಹೋಗಿ ಕೂರುತ್ತಿದ್ದ. ಮೊದಲನೇ ವರ್ಷ ಭೌತಶಾಸ್ತ್ರ ಮತ್ತು ಸಾಮಾನ್ಯ ಗಣಿತ. ಎರಡನೇ ವರ್ಷ ಬೀಜಗಣಿತ, ಕಲನಶಾಸ್ತ್ರ. ಪಾಠಪಟ್ಟಿ ಹಾಕಿಕೊಂಡವನೂ ತಾನೇ, ಪರೀಕ್ಷೆ ಮಾಡಿಕೊಂಡವನೂ ತಾನೇ. ಅಲ್ಲಿ ನಿಕೊಲಾಯ್ ಫ್ಯೋದೊರೋವ್ ಎಂಬ ಗ್ರಂಥಪಾಲಕರಿದ್ದರು. ಅವರು ತಮ್ಮ ಸಂಬಳವನ್ನು ಬಡವರಿಗೆ ಹಂಚಿ ತಾವು ಸರಳವಾಗಿ ಬದುಕುತ್ತಿದ್ದವರು. ಈ ಹುಡುಗನಿಗೆ ಅವರು ಪುಸ್ತಕಗಳನ್ನು ಕೊಟ್ಟು ನೆರವಾದರು.

ತಂದೆ ತಿಂಗಳಿಗೆ 10ರಿಂದ 15 ರೂಬಲ್ ಕಳಿಸುತ್ತಿದ್ದರು. ಅದರಲ್ಲಿ ಊಟಕ್ಕೆ ಅವರು ಖರ್ಚು ಮಾಡುತ್ತಿದ್ದದ್ದು ಬರೀ 90 ಕೊಪೆಕ್. (ನೂರು ಕೊಪೆಕ್ ಸೇರಿದರೆ ಒಂದು ರೂಬಲ್.) ಮೂರು ದಿನಕ್ಕೊಮ್ಮೆ ಕಪ್ಪು ರೊಟ್ಟಿ ಕೊಂಡುಕೊಂಡು ಅದನ್ನೇ ನೀರಿನ ಜೊತೆ ತಿನ್ನುತ್ತಿದ್ದರು. ಉಳಿದ ದುಡ್ಡೆಲ್ಲಾ ಪುಸ್ತಕ, ಪಾದರಸ, ಆಮ್ಲ, ಕೊಳವೆ ಎಂದು ಪ್ರಯೋಗಕ್ಕೆ ಹೋಗುತ್ತಿತ್ತು. ಮೂರು ವರ್ಷ ಹೀಗೇ ಕಳೆಯಿತು. ಮಗ ಸೊರಗಿ ಹೋಗಿರುವುದು ಗೊತ್ತಾಗಿ ತಂದೆ 1876ರಲ್ಲಿ ವಾಪಸ್ಸು ಕರೆಸಿಕೊಂಡರು.

ಮಾಸ್ತರ ಕೆಲಸ

1879ರಲ್ಲಿ ಅವರು ಶಿಕ್ಷಕರ ಪರೀಕ್ಷೆಯನ್ನು ಹೊರಗಿನಿಂದ ಕಟ್ಟಿ ಪಾಸಾದರು. 1880ರಲ್ಲಿ ಬೊರೊವ್‌ಸ್ಕ್ ಎಂಬ ಸಣ್ಣ ಊರಿನಲ್ಲಿ ಗಣಿತದ ಮಾಸ್ತರಾದರು. ಅದೇ ವರ್ಷ ವರ್ವಾರಾ ಎಂಬುವರನ್ನು ಮದುವೆಯಾದರು. ಕಿವಿಗೆ ತಗಡಿನ ಕೊಳವೆ ಇಟ್ಟುಕೊಂಡು ಎದುರಿನವರ ಮಾತು ಕೇಳುತ್ತಿದ್ದರು. ಆ ಕೊಳವೆಯನ್ನೂ ತಾವೇ ಮಾಡಿಕೊಂಡಿದ್ದರು.

ಶಾಲೆ ಮುಗಿದ ಮೇಲೆ ಅವರು ಸಂಶೋಧನೆಗೆ ಕೂರುತ್ತಿದ್ದರು. ಅನಿಲದ ಕಣಗಳು ಹೇಗೆ ಓಡಾಡುತ್ತವೆ ಎಂದು ಲೆಕ್ಕ ಹಾಕಿ, ಹೊಸದಾಗಿ ಕಂಡುಹಿಡಿದೆ ಅಂದುಕೊಂಡು ಸೇಂಟ್ ಪೀಟರ್ಸ್‌ಬರ್ಗ್ ನಗರದ ವಿಜ್ಞಾನಿಗಳ ಸಂಘಕ್ಕೆ ಕಳಿಸಿದರು. ಆ ವಿಷಯ ಸುಮಾರು 25 ವರ್ಷ ಮೊದಲೇ ಜಗತ್ತಿಗೆ ಗೊತ್ತಾಗಿತ್ತು! ಹಳ್ಳಿಯಲ್ಲಿ ಕೂತ ಮಾಸ್ತರಿಗೆ ಅದು ಗೊತ್ತಾಗುವುದು ಹೇಗೆ? ಹೊಸ ಪುಸ್ತಕ ಬರುತ್ತಿರಲಿಲ್ಲ, ಕೇಳೋಣವೆಂದರೆ ತಿಳಿದವರೂ ಹತ್ತಿರ ಇರಲಿಲ್ಲ. ಜೊತೆಯಲ್ಲಿ ನಿಂತು ಕೆಲಸ ಕಲಿಸುವ ಹಿರಿಯರು ಇಲ್ಲದಿದ್ದರೆ ಎಷ್ಟು ಶ್ರಮ ವ್ಯರ್ಥವಾಗುತ್ತದೆ ಎಂಬುದಕ್ಕೆ ಇದೇ ಸಾಕ್ಷಿ. ಆದರೆ ಸಂಘದವರು ನಗಲಿಲ್ಲ. ಒಬ್ಬನೇ ಕೂತು ಇಷ್ಟು ಮಾಡಿದ್ದಾರಲ್ಲ ಎಂದು ಮೆಚ್ಚಿ ಪ್ರೋತ್ಸಾಹ ಕೊಟ್ಟರು.

1887ರಲ್ಲಿ ಮನೆಗೆ ಬೆಂಕಿ ಬಿದ್ದು ಕಾಗದ ಪತ್ರ, ಮಾದರಿಗಳು ಸುಟ್ಟುಹೋದವು. 1892ರಲ್ಲಿ ಕಲೂಗಾ ಎಂಬ ಊರಿಗೆ ವರ್ಗವಾಯಿತು. 1908ರಲ್ಲಿ ಅಲ್ಲಿ ಓಕಾ ನದಿ ಉಕ್ಕಿ ಮನೆಯೊಳಗೆ ನೀರು ನುಗ್ಗಿ ಮತ್ತೆ ನಷ್ಟವಾಯಿತು. ಒಮ್ಮೆ ಬೆಂಕಿ, ಒಮ್ಮೆ ನೀರು. ಎರಡು ಸಲವೂ ಮತ್ತೆ ಮೊದಲಿನಿಂದ ಶುರು ಮಾಡಿದರು.

ಪೆಟ್ಟಿಗೆಯೊಳಗಿನ ಜೀರುಂಡೆ

ನಾವೆಲ್ಲಾ ಜೀರುಂಡೆ ಹಿಡಿದು ಬೆಂಕಿಪೆಟ್ಟಿಗೆಯಲ್ಲಿ ಇಡುತ್ತೇವೆ. ಪೆಟ್ಟಿಗೆಗೆ ತೂತು ಮಾಡುತ್ತೇವೆ, ಎರಡು ಎಲೆ ಹಾಕುತ್ತೇವೆ. ಇಲ್ಲದಿದ್ದರೆ ಅದು ಸತ್ತುಹೋಗುತ್ತೆ. ಬಾಹ್ಯಾಕಾಶ ನೌಕೆ ಎಂದರೆ ಅಂಥದ್ದೇ ಒಂದು ಪೆಟ್ಟಿಗೆ. ಆದರೆ ಅದಕ್ಕೆ ತೂತು ಮಾಡುವ ಹಾಗಿಲ್ಲ, ಹೊರಗೆ ಗಾಳಿಯೇ ಇಲ್ಲ! ಒಬ್ಬ ಮನುಷ್ಯನಿಗೆ ದಿನಕ್ಕೆ ಸುಮಾರು 840 ಗ್ರಾಂ ಆಮ್ಲಜನಕ ಬೇಕು. ಅವನು ಬಿಡುವ ಇಂಗಾಲದ ಡೈಆಕ್ಸೈಡ್ ದಿನಕ್ಕೆ ಸುಮಾರು ಒಂದು ಕಿಲೋ. ಅದನ್ನು ತೆಗೆಯದಿದ್ದರೆ ಒಳಗಿರುವವರು ಸಾಯುತ್ತಾರೆ. ಗಾಳಿ, ನೀರು, ಊಟ ಒದಗಿಸಿ ಜೀವ ಉಳಿಸುವ ಈ ಏರ್ಪಾಟಿಗೆ ಜೀವಾಧಾರ ವ್ಯವಸ್ಥೆ ಎಂದು ಹೆಸರು.

ತ್ಸಿಯೋಲ್ಕೊವ್‌ಸ್ಕಿಯವರು 1903ರಲ್ಲಿ ರಾಕೆಟ್ ಮೂಲಕ ಬಾಹ್ಯಾಕಾಶಕ್ಕೆ ಹೋಗುವ ಬಗ್ಗೆ ಪ್ರಸಿದ್ಧ ಲೇಖನ ಪ್ರಕಟಿಸಿದರು. ರಾಕೆಟ್ಟಿನ ವೇಗದ ಸೂತ್ರ ಅದರಲ್ಲಿದೆ. ಅಮೆರಿಕದಲ್ಲಿ ರೈಟ್ ಸಹೋದರರು ವಿಮಾನ ಹಾರಿಸಿದ್ದೂ ಅದೇ ವರ್ಷದ ಕೊನೆಗೆ! ಆದರೆ ಇವರು ರಾಕೆಟ್ ಹಾರಿದರೆ ಸಾಕು ಎಂದು ಬಿಡಲಿಲ್ಲ. ಒಳಗೆ ಕೂತವನ ಗತಿ ಏನು ಎಂದು ಕೇಳಿಕೊಂಡರು.

ಅದಕ್ಕೆ ಅವರು ಕಂಡ ಉತ್ತರ ನಮ್ಮ ಹೊಲದಲ್ಲೇ ಇದೆ. ಗಿಡ! ನಾವು ಬಿಟ್ಟ ಕೆಟ್ಟ ಗಾಳಿಯನ್ನು ಗಿಡ ತೆಗೆದುಕೊಂಡು ಬಿಸಿಲಿನ ಸಹಾಯದಿಂದ ಆಮ್ಲಜನಕ ಕೊಡುತ್ತದೆ. ತಿನ್ನಲು ಕಾಯಿಪಲ್ಯವನ್ನೂ ಕೊಡುತ್ತದೆ. ಮನುಷ್ಯನ ಹೊಲಸು ಗಿಡಕ್ಕೆ ಗೊಬ್ಬರ. ಹೀಗೆ ಒಂದರ ಕಸ ಇನ್ನೊಂದಕ್ಕೆ ಊಟವಾಗಿ ಚಕ್ರ ತಿರುಗುತ್ತಾ ಇರಬೇಕು ಎಂದರು. 1920ರಲ್ಲಿ ಅವರು ಪ್ರಕಟಿಸಿದ ಕಾದಂಬರಿಯಲ್ಲಿ ಬಾಹ್ಯಾಕಾಶದಲ್ಲಿ ಗಾಜಿನ ತೋಟ ಮಾಡಿಕೊಂಡು ಬದುಕುವ ವಿಜ್ಞಾನಿಗಳ ಕಥೆ ಇದೆ. ಆ ಕಥೆ ಶುರುವಾಗುವುದು ಹಿಮಾಲಯದಲ್ಲಿ!

ರಾಕೆಟ್ ಏರುವಾಗ ಮೈ ಮೇಲೆ ಭಾರ ಬೀಳುತ್ತದಲ್ಲ, ಅದನ್ನು ಜೀವಿಗಳು ತಡೆಯುತ್ತವೆಯೇ ಎಂದು ಅವರು ಯುವಕನಾಗಿದ್ದಾಗಲೇ ನೋಡಿದ್ದರು. ಗಿರಗಿರ ತಿರುಗುವ ಯಂತ್ರದಲ್ಲಿ ಜಿರಲೆಯ ಭಾರವನ್ನು 300 ಪಟ್ಟು, ಕೋಳಿಮರಿಯ ಭಾರವನ್ನು 10 ಪಟ್ಟು ಹೆಚ್ಚಿಸಿದರು. ಎರಡಕ್ಕೂ ಏನೂ ಆಗಲಿಲ್ಲ. ಡಬ್ಬಿಯ ಉಪ್ಪುನೀರಿನಲ್ಲಿ ತೇಲುವ ಮೊಟ್ಟೆ ಡಬ್ಬಿಯನ್ನು ಕುಟ್ಟಿದರೂ ಒಡೆಯುವುದಿಲ್ಲ, ಹಾಗೆಯೇ ಮನುಷ್ಯನನ್ನೂ ನೀರಿನಲ್ಲಿ ಮಲಗಿಸಿ ಕಾಪಾಡಬಹುದು ಎಂದೂ ಬರೆದರು.

ಗಾಳಿ ತುಂಬಿದ ಉಡುಪು, ನೌಕೆಯ ಗಾಳಿ ಹೊರಹೋಗದಂತೆ ಎರಡು ಬಾಗಿಲಿನ ಕೋಣೆ ಇವೆಲ್ಲದರ ಚಿತ್ರಗಳನ್ನು 1933ರಲ್ಲಿ ಒಂದು ಸಿನಿಮಾಕ್ಕಾಗಿ ತಮ್ಮ ಕೈಯಾರೆ ಬರೆದುಕೊಟ್ಟರು. 1935ರ ಸೆಪ್ಟೆಂಬರ್ 19ರಂದು 78ನೇ ವಯಸ್ಸಿನಲ್ಲಿ ಕಲೂಗಾದಲ್ಲಿ ತೀರಿಕೊಂಡರು. ಒಬ್ಬ ಮನುಷ್ಯನೂ ಬಾಹ್ಯಾಕಾಶಕ್ಕೆ ಹೋಗಿದ್ದನ್ನು ಅವರು ನೋಡಲಿಲ್ಲ.

ಅವರ ನಂತರ

1961ರ ಏಪ್ರಿಲ್ 12ರಂದು ಯೂರಿ ಗಗಾರಿನ್ ಬಾಹ್ಯಾಕಾಶಕ್ಕೆ ಹೋಗಿ ಬಂದರು. ಅದೇ ವರ್ಷ ಕಲೂಗಾಕ್ಕೆ ಬಂದು ತ್ಸಿಯೋಲ್ಕೊವ್‌ಸ್ಕಿಯವರ ಹೆಸರಿನ ವಸ್ತುಸಂಗ್ರಹಾಲಯಕ್ಕೆ ಶಂಕುಸ್ಥಾಪನೆ ಮಾಡಿದರು. 1965ರಲ್ಲಿ ಅಲೆಕ್ಸೈ ಲಿಯೊನೊವ್ ಎರಡು ಬಾಗಿಲಿನ ಕೋಣೆಯ ಮೂಲಕವೇ ಹೊರಬಂದು ಸುಮಾರು 12 ನಿಮಿಷ ತೇಲಿದರು.

ಗಾಳಿಯ ವಿಷಯದಲ್ಲಿ ಉದಾಸೀನ ಮಾಡಿದರೆ ಏನಾಗುತ್ತದೆ ಎಂಬುದೂ ಗೊತ್ತಾಯಿತು. 1971ರ ಜೂನ್ 30ರಂದು ಸೊಯುಜ್-11 ನೌಕೆ ಭೂಮಿಗೆ ಇಳಿಯುವಾಗ ಒಂದು ಸಣ್ಣ ಕವಾಟ ತೆರೆದುಕೊಂಡು ಒಳಗಿನ ಗಾಳಿಯೆಲ್ಲಾ ಸೋರಿಹೋಯಿತು. ಒಳಗಿದ್ದ ಮೂವರಿಗೂ ಗಾಳಿ ತುಂಬಿದ ಉಡುಪು ಇರಲಿಲ್ಲ. ನೌಕೆ ಸುರಕ್ಷಿತವಾಗಿ ಇಳಿಯಿತು, ಮೂವರ ಪ್ರಾಣ ಹೋಗಿತ್ತು. ಅಂದಿನಿಂದ ಆ ನೌಕೆಗಳಲ್ಲಿ ಏರುವಾಗ, ಇಳಿಯುವಾಗ ಉಡುಪು ಕಡ್ಡಾಯವಾಯಿತು.

ಗಿಡದ ಮಾತೂ ಸುಳ್ಳಾಗಲಿಲ್ಲ. 1972-73ರಲ್ಲಿ ರಷ್ಯಾದ ಕ್ರಾಸ್ನೊಯಾರ್ಸ್ಕ್ ನಗರದಲ್ಲಿ ಬಯೋಸ್-3 ಎಂಬ ಮುಚ್ಚಿದ ಉಕ್ಕಿನ ಮನೆಯೊಳಗೆ ಮೂವರು 180 ದಿನ ಇದ್ದರು. ಒಳಗೇ ಗೋಧಿ, ತರಕಾರಿ, ಪಾಚಿ ಬೆಳೆದು ಅದರಿಂದ ಬಂದ ಆಮ್ಲಜನಕವನ್ನೇ ಉಸಿರಾಡಿದರು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಬೆವರು, ಮೂತ್ರವನ್ನೂ ಶುದ್ಧ ಮಾಡಿ ಮತ್ತೆ ಕುಡಿಯುವ ನೀರು ಮಾಡುತ್ತಾರೆ. 2023ರಲ್ಲಿ ನೂರಕ್ಕೆ 98 ಭಾಗ ನೀರನ್ನು ಹೀಗೆ ಉಳಿಸಿ ತೋರಿಸಿದರು. ನಮ್ಮಲ್ಲಿ ಬೇಸಿಗೆಯಲ್ಲಿ ಬೋರ್‌ವೆಲ್ ಮುಂದೆ ಕೊಡ ಇಟ್ಟು ಕಾಯುವವರಿಗೆ ಈ ಲೆಕ್ಕದ ಬೆಲೆ ಗೊತ್ತು.

ನಮ್ಮ ಕರ್ನಾಟಕದ ಸಂಬಂಧವೂ ಇದೆ! 2025ರ ಜೂನ್‌ನಲ್ಲಿ ಭಾರತದ ಶುಭಾಂಶು ಶುಕ್ಲಾ ಅವರು ಆ ನಿಲ್ದಾಣಕ್ಕೆ ಹೋದಾಗ ಮೆಂತ್ಯ ಮತ್ತು ಹೆಸರುಕಾಳು ಮೊಳಕೆ ಬರಿಸುವ ಪ್ರಯೋಗ ಮಾಡಿದರು. ಅದನ್ನು ರೂಪಿಸಿದವರು ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಧಾರವಾಡದ ಐಐಟಿಯವರು. ನಮ್ಮ ಅಡುಗೆ ಮನೆಯಲ್ಲಿ ಬಟ್ಟೆಯಲ್ಲಿ ಕಟ್ಟಿಡುವ ಕಾಳೇ ಆಕಾಶದಲ್ಲೂ ಮೊಳಕೆ ಒಡೆಯಿತು.

ನಾವು ಏನು ಮಾಡಬಹುದು?

ತ್ಸಿಯೋಲ್ಕೊವ್‌ಸ್ಕಿಯವರಿಗೆ ಮಾಸ್ಕೋದಲ್ಲಿ ಸಿಕ್ಕಿದ್ದು ಪುಸ್ತಕ ಕೊಡುವ ಒಬ್ಬ ಗ್ರಂಥಪಾಲಕರು ಮಾತ್ರ. ಪ್ರಯೋಗಾಲಯದ ಬಾಗಿಲು ತೆರೆದು ಒಳಗೆ ಕರೆದವರು ಯಾರೂ ಇರಲಿಲ್ಲ. ಈಗ ಕಾಲೇಜು ವಿದ್ಯಾರ್ಥಿಗಳನ್ನು ಬಾಹ್ಯಾಕಾಶ ಸಂಸ್ಥೆಗಳೇ ಕೆಲವು ತಿಂಗಳು ಕರೆಸಿಕೊಂಡು ವಿಜ್ಞಾನಿಗಳ ಜೊತೆ ಕೆಲಸ ಕಲಿಸುತ್ತವೆ. ಗಾಳಿ ಶುದ್ಧ ಮಾಡುವುದು, ನೀರು ಉಳಿಸುವುದು, ಗಿಡ ಬೆಳೆಸುವುದು ಇಂಥ ಕೆಲಸಗಳಲ್ಲೂ ವಿದ್ಯಾರ್ಥಿಗಳು ಸೇರುತ್ತಾರೆ. ನಮ್ಮ ಇಸ್ರೋ ಸಂಸ್ಥೆ 2019ರಲ್ಲಿ 9ನೇ ತರಗತಿಯವರಿಗಾಗಿ ಯುವಿಕಾ ಎಂಬ ರಜಾ ಕಾಲದ ತರಬೇತಿ ಶುರು ಮಾಡಿತು. ಹಳ್ಳಿ ಶಾಲೆಯ ಮಕ್ಕಳಿಗೆ ಅದರಲ್ಲಿ ವಿಶೇಷ ಆದ್ಯತೆ ಇಟ್ಟರು.

ಆದ್ದರಿಂದ ಗೆಳೆಯರೇ, ನಾವು ಹಳ್ಳಿಯವರು, ನಮಗೆ ಇದೆಲ್ಲಾ ಎಲ್ಲಿ ಸಿಗುತ್ತೆ ಅಂತ ಸುಮ್ಮನೆ ಕೂರಬೇಡಿ. ಅರ್ಜಿ ಹಾಕುವ ವಿಷಯವನ್ನು ಗುರುಗಳಲ್ಲಿ ಕೇಳಿ. ಅದಕ್ಕೂ ಮೊದಲು ಒಂದು ಕೆಲಸ ಮಾಡೋಣ. ಒಂದು ಗಾಜಿನ ಬಾಟಲಿಯಲ್ಲಿ ಸ್ವಲ್ಪ ಒದ್ದೆ ಮಣ್ಣು, ಒಂದು ಸಣ್ಣ ಗಿಡ ಇಟ್ಟು ಮುಚ್ಚಳ ಬಿಗಿಯಾಗಿ ಹಾಕಿ, ಸುಡುಬಿಸಿಲು ಬೀಳದ ಬೆಳಕಿನ ಕಿಟಕಿಯಲ್ಲಿಡಿ. ನೀರು ಹಾಕದೆ ಅದು ಎಷ್ಟು ದಿನ ಬದುಕುತ್ತದೆ ಎಂದು ದಿನವೂ ಬರೆದಿಡಿ. ಒಳಗಿನ ನೀರು ಆವಿಯಾಗಿ ಗಾಜಿಗೆ ಅಂಟಿ ಮತ್ತೆ ಮಣ್ಣಿಗೆ ಇಳಿಯುವುದು ಕಣ್ಣಿಗೇ ಕಾಣುತ್ತದೆ. ಯಾರ ಬಾಟಲಿಯ ಗಿಡ ಹೆಚ್ಚು ದಿನ ಬದುಕುತ್ತದೋ ಅವರ ಲೆಕ್ಕವನ್ನು ಮುಂದಿನ ಸಂಚಿಕೆಯಲ್ಲಿ ಇದೇ ಗೋಡೆಯ ಮೇಲೆ ಹಾಕೋಣ.